ಮನೋವಿಜ್ಞಾನ ಓದುತ್ತಿದ್ದೇನೆ, ಮುಂದೇನು? ಪದೇ ಪದೇ ಕೇಳುವ ಪ್ರಶ್ನೆಗಳು

ತರಗತಿ ಮುಗಿದ ಮೇಲೆ ಬಾಗಿಲ ಬಳಿ ತಡೆದು ಕೇಳಿದ ಪ್ರಶ್ನೆಗಳು, ಪತ್ರದಲ್ಲಿ ಬಂದವು, ಪೋಷಕರು ಸ್ವಲ್ಪ ಅನುಮಾನದ ದನಿಯಲ್ಲಿ ಕೇಳಿದವು, ಎಲ್ಲ ಇಲ್ಲಿವೆ. ಕೇಳಿದವರ ಮಾತನ್ನು ಆದಷ್ಟು ಹಾಗೆಯೇ ಉಳಿಸಿದ್ದೇನೆ. ಮೊದಲ ವರ್ಷದವರು ಮೇಲಿನಿಂದ ಓದಬಹುದು. ಸ್ನಾತಕೋತ್ತರ ಹಂತದವರು ನೇರವಾಗಿ ಕೊನೆಯ ಭಾಗಕ್ಕೆ ಹೋದರೂ ನಷ್ಟವಿಲ್ಲ.

## ಆರಂಭದಲ್ಲಿ

ಸೈಕಾಲಜಿ ಓದಿದರೆ ಕೌನ್ಸೆಲರ್ ಆಗುವುದು ಬಿಟ್ಟು ಬೇರೆ ದಾರಿ ಇದೆಯೇ?

ಬೇಕಾದಷ್ಟಿದೆ. ಲೈಟ್ನರ್ ವಿಟ್ಮರ್ 1896ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಮೊದಲ ಮನೋವಿಜ್ಞಾನ ಕ್ಲಿನಿಕ್ ತೆರೆದಾಗ ಅಲ್ಲಿಗೆ ಬಂದವರು ಹೆಚ್ಚಾಗಿ ಕಲಿಕೆಯಲ್ಲಿ ತೊಡಕಿದ್ದ ಮಕ್ಕಳು. 1913ರಲ್ಲಿ ಹ್ಯೂಗೊ ಮನ್‌ಸ್ಟರ್‌ಬರ್ಗ್ ಕೈಗಾರಿಕಾ ಮನೋವಿಜ್ಞಾನದ ಬಗ್ಗೆ ಇಡೀ ಪುಸ್ತಕವನ್ನೇ ಬರೆದರು. ಶಾಲೆ ಮತ್ತು ಕಾರ್ಖಾನೆ ಈ ಶಾಸ್ತ್ರಕ್ಕೆ ಆಮೇಲೆ ಅಂಟಿಕೊಂಡವಲ್ಲ, ಮೊದಲಿನಿಂದಲೂ ಇದ್ದವು.

ನನಗೆ ಇಷ್ಟವಾದ ಉದಾಹರಣೆ ವಿಮಾನದ್ದು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಬಿ-17 ವಿಮಾನಗಳ ಪೈಲಟ್‌ಗಳು ನೆಲಕ್ಕಿಳಿದ ಮೇಲೆ ರೆಕ್ಕೆಯ ಫ್ಲ್ಯಾಪ್ ಎತ್ತಲು ಹೋಗಿ ಚಕ್ರಗಳನ್ನೇ ಮಡಚಿಬಿಡುತ್ತಿದ್ದರು, ವಿಮಾನ ಹೊಟ್ಟೆಯ ಮೇಲೆ ಕೂರುತ್ತಿತ್ತು. ಆಲ್ಫೊನ್ಸ್ ಚಪಾನಿಸ್ ಎಂಬ ಯುವ ಮನೋವಿಜ್ಞಾನಿ ಕಾಕ್‌ಪಿಟ್‌ಗೆ ಹೋಗಿ ನೋಡಿದರೆ ಎರಡೂ ನಿಯಂತ್ರಣಗಳು ಅಕ್ಕಪಕ್ಕದಲ್ಲಿ, ಒಂದೇ ಥರ ಇದ್ದವು. ಒಂದರ ಹಿಡಿಗೆ ಪುಟ್ಟ ಚಕ್ರದ ಆಕಾರ, ಇನ್ನೊಂದಕ್ಕೆ ಬೆಣೆಯ ಆಕಾರ ಕೊಡುವುದು ಅವರ ಪರಿಹಾರ. ಪೈಲಟ್‌ಗಳಿಗೆ ಆಪ್ತಸಮಾಲೋಚನೆ ಮಾಡಬೇಕಾಗಲಿಲ್ಲ. ಇಂದು ಮೊಬೈಲ್ ಆ್ಯಪ್ ಬಳಸುವವರು ಎಲ್ಲಿ ತಡವರಿಸುತ್ತಾರೆ ಎಂದು ಪರೀಕ್ಷಿಸುವವರು ಮಾಡುತ್ತಿರುವುದು ಅದೇ ಕೆಲಸ. ನೇಮಕಾತಿ, ತರಬೇತಿ, ಕ್ರೀಡೆ, ನ್ಯಾಯಾಲಯ, ಜೈಲು, ಮಿದುಳಿನ ಗಾಯದ ನಂತರದ ಪುನರ್ವಸತಿ, ಸಾರ್ವಜನಿಕ ಆರೋಗ್ಯ ಪ್ರಚಾರ, ಮಾರುಕಟ್ಟೆ ಸಂಶೋಧನೆ, ಎಲ್ಲ ಕಡೆಯೂ ಮನೋವಿಜ್ಞಾನ ಓದಿದವರಿದ್ದಾರೆ. ಅವರ ಹುದ್ದೆಯ ಹೆಸರಿನಲ್ಲಿ ಆ ಪದ ಇರುವುದಿಲ್ಲ, ಹಾಗಾಗಿ ನಿಮ್ಮ ಕಣ್ಣಿಗೆ ಬಿದ್ದಿಲ್ಲ.

ಸೈಕಾಲಜಿಸ್ಟ್, ಸೈಕಿಯಾಟ್ರಿಸ್ಟ್, ಕೌನ್ಸೆಲರ್, ಮೂವರೂ ಒಂದೇ ಅಲ್ಲವೇ?

ಅಲ್ಲ. ಮನೋವೈದ್ಯರು ವೈದ್ಯಕೀಯ ಓದಿ ಆಮೇಲೆ ಮನೋರೋಗಗಳಲ್ಲಿ ತಜ್ಞತೆ ಪಡೆದವರು, ಔಷಧಿ ಬರೆಯುತ್ತಾರೆ. ಕ್ಲಿನಿಕಲ್ ಸೈಕಾಲಜಿಸ್ಟ್‌ಗಳು ಮನೋವಿಜ್ಞಾನದ ಉನ್ನತ ತರಬೇತಿ ಪಡೆದು ಪರೀಕ್ಷೆ, ಮೌಲ್ಯಮಾಪನ ಮತ್ತು ಮನೋಚಿಕಿತ್ಸೆ ಮಾಡುತ್ತಾರೆ. ಅಮೆರಿಕದ ನ್ಯೂ ಮೆಕ್ಸಿಕೊದಂಥ ಕೆಲವು ಕಡೆ ಹೆಚ್ಚುವರಿ ತರಬೇತಿ ಪಡೆದ ಮನೋವಿಜ್ಞಾನಿಗಳು ಔಷಧಿ ಬರೆಯಬಹುದು, ಆದರೆ ಅದು ಅಪವಾದ. ಆಪ್ತಸಮಾಲೋಚಕರು ಬದುಕಿನ ತೊಡಕುಗಳು, ಸಂಬಂಧ, ದುಃಖ, ನಿರ್ಧಾರಗಳ ವಿಷಯದಲ್ಲಿ ಜೊತೆಗಿದ್ದು ಕೆಲಸ ಮಾಡುತ್ತಾರೆ. ಈ ಹೆಸರಿಗೆ ಬೇಕಾದ ಅರ್ಹತೆ ದೇಶದಿಂದ ದೇಶಕ್ಕೆ ಬಹಳ ಬೇರೆ.

ಪದವಿ ಮುಗಿದ ಕೂಡಲೇ ಸೈಕಾಲಜಿಸ್ಟ್ ಎಂದು ಬೋರ್ಡ್ ಹಾಕಿಕೊಳ್ಳಬಹುದೇ?

ಬೇಡ. ಕಾನೂನು ಬಿಟ್ಟರೂ ನಿಮ್ಮ ಮುಂದೆ ಬಂದು ಕೂರುವವರಿಗೆ ಅದು ಅನ್ಯಾಯ.

ಕಾನೂನಿನ ಮಾತಿಗೆ ಬಂದರೆ, ಒಂದೊಂದು ಕಡೆ ಒಂದೊಂದು ರೀತಿ. ಬ್ರಿಟನ್ನಿನಲ್ಲಿ 2009ರಿಂದ ಕ್ಲಿನಿಕಲ್, ಫೊರೆನ್ಸಿಕ್ ಮುಂತಾದ ವಿಶೇಷಣ ಹೊತ್ತ ಹೆಸರುಗಳಿಗೆ ಕಾನೂನಿನ ರಕ್ಷಣೆ ಇದೆ, ನೋಂದಣಿ ಇಲ್ಲದೆ ಬಳಸುವಂತಿಲ್ಲ. ಅಮೆರಿಕದಲ್ಲಿ ಪ್ರತಿ ರಾಜ್ಯವೂ ತನ್ನ ಪರವಾನಗಿ ಕೊಡುತ್ತದೆ, ಸಾಮಾನ್ಯವಾಗಿ ಡಾಕ್ಟರೇಟ್, ಮೇಲ್ವಿಚಾರಣೆಯಲ್ಲಿ ಮಾಡಿದ ಕೆಲಸ ಮತ್ತು ಪರೀಕ್ಷೆ ಬೇಕು. ಯುರೋಪಿನ ಯೂರೋಸೈ ಪ್ರಮಾಣಪತ್ರಕ್ಕೆ ಐದು ವರ್ಷದ ಓದು, ಅದರ ಮೇಲೆ ಒಂದು ವರ್ಷ ಮೇಲ್ವಿಚಾರಣೆಯಲ್ಲಿ ಕೆಲಸ. ಭಾರತದಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್‌ಗಳ ನೋಂದಣಿ 1992ರ ಪುನರ್ವಸತಿ ಪರಿಷತ್ತಿನ ಕಾಯ್ದೆಯಡಿ ಬಂದದ್ದು. ನೀವು ಎಲ್ಲಿ ಕೆಲಸ ಮಾಡಬೇಕೆಂದಿದ್ದೀರೋ ಅಲ್ಲಿನ ನೋಂದಣಿ ಸಂಸ್ಥೆಯ ನಿಯಮಾವಳಿಯನ್ನು ಮೊದಲ ವರ್ಷದಲ್ಲೇ ಓದಿ. ಸ್ನಾತಕೋತ್ತರ ಪದವಿ ಮುಗಿದ ಮೇಲೆ "ನಿಮ್ಮ ಕೋರ್ಸಿಗೆ ಮಾನ್ಯತೆ ಇಲ್ಲ" ಎಂದು ಕೇಳಿಸಿಕೊಂಡವರ ಮುಖ ನೋಡಿದ್ದೇನೆ. ಅರ್ಧ ಗಂಟೆಯ ಓದಿನಿಂದ ತಪ್ಪುವ ಸಂಕಟ ಅದು.

ನನ್ನ ಮನಸ್ಸಿನ ತೊಂದರೆ ಅರ್ಥ ಮಾಡಿಕೊಳ್ಳಲೆಂದು ಈ ವಿಷಯ ತೆಗೆದುಕೊಂಡೆ. ಇದು ತಪ್ಪು ಕಾರಣವೇ?

ಒಳಗೆ ಬರಲು ಯಾವ ಕಾರಣವಾದರೂ ಸರಿ. ಆದರೆ ಓದು ಚಿಕಿತ್ಸೆಯಲ್ಲ. ತೊಂದರೆ ಇದ್ದರೆ ಅದಕ್ಕೆ ಪ್ರತ್ಯೇಕವಾಗಿ ನೆರವು ಪಡೆಯಿರಿ, ಪಠ್ಯಪುಸ್ತಕದಿಂದ ಗುಣವಾಗಲು ಹೊರಡಬೇಡಿ. ಸ್ನಾತಕೋತ್ತರ ಪ್ರವೇಶದ ಪ್ರಬಂಧದಲ್ಲಿ ಈ ಕಥೆ ಬರೆಯಬೇಕೆನ್ನಿಸಿದರೆ ಒಂದೆರಡು ವಾಕ್ಯದಲ್ಲಿ ಮುಗಿಸಿ. ಉಳಿದ ಪುಟ ನೀವು ಮಾಡಿದ ಕೆಲಸದ್ದಾಗಿರಲಿ.

## ಗುರಿಯ ವಿಷಯ

ಏನಾಗಬೇಕು ಎಂದೇ ಗೊತ್ತಿಲ್ಲ. ಎಲ್ಲಿಂದ ಶುರು ಮಾಡಲಿ?

"ಏನಾಗಬೇಕು" ಎಂಬ ಪ್ರಶ್ನೆಯನ್ನು ಸ್ವಲ್ಪ ದಿನ ಬದಿಗಿಡಿ. ಅದಕ್ಕೆ ಉತ್ತರವಾಗಿ ಬರುವುದು ಒಂದು ಬಿರುದು, ಬಿರುದಿನೊಳಗೆ ದಿನ ಹೇಗಿರುತ್ತದೆ ಎಂದು ಕಾಣುವುದಿಲ್ಲ. "ದಿನಕ್ಕೆ ಏಳೆಂಟು ಗಂಟೆ ನಾನು ಏನು ಮಾಡುತ್ತಾ ಇದ್ದರೆ ಬೇಸರವಾಗುವುದಿಲ್ಲ" ಎಂದು ಕೇಳಿಕೊಳ್ಳಿ. ಒಬ್ಬರ ಎದುರು ಕೂತು ಕೇಳುವುದೋ, ಮಗುವಿನ ಮುಂದೆ ಮರದ ಬಿಲ್ಲೆಗಳನ್ನು ಜೋಡಿಸಿಟ್ಟು ಗಡಿಯಾರ ಒತ್ತುವುದೋ, ದತ್ತಾಂಶದ ಸಾಲುಗಳಲ್ಲಿ ತಪ್ಪು ಹುಡುಕುವುದೋ, ಮೂವತ್ತು ಜನರ ಮುಂದೆ ನಿಂತು ತರಬೇತಿ ಕೊಡುವುದೋ, ವರದಿ ಬರೆಯುವುದೋ?

ವರದಿಯ ಬಗ್ಗೆ ಒಂದು ಮಾತು. ಕ್ಲಿನಿಕಲ್ ಕೆಲಸವೆಂದರೆ ದಿನವಿಡೀ ಮಾತುಕತೆ ಎಂದುಕೊಂಡು ಬರುವವರೇ ಹೆಚ್ಚು. ಒಂದು ಮೌಲ್ಯಮಾಪನಕ್ಕೆ ಕೂತರೆ ಪರೀಕ್ಷೆ ನಡೆಸುವುದು, ಅಂಕ ಹಾಕುವುದು, ಕೋಷ್ಟಕ ನೋಡುವುದು, ಹಳೆಯ ದಾಖಲೆ ಓದುವುದು, ಪೋಷಕರಿಗೆ ಅರ್ಥವಾಗುವಂತೆ ವರದಿ ಬರೆಯುವುದು, ಇವೆಲ್ಲ ಇವೆ. ಬರೆಯುವುದೆಂದರೆ ಆಗದವರಿಗೆ ಆ ವೃತ್ತಿ ಭಾರವಾಗುತ್ತದೆ. ಆ ಕೆಲಸದಲ್ಲಿರುವ ಇಬ್ಬರು ಮೂವರನ್ನು ಕೇಳಿ. "ನಿಮ್ಮ ವೃತ್ತಿ ಹೇಗಿದೆ" ಎನ್ನಬೇಡಿ, "ನಿನ್ನೆ ಬೆಳಗ್ಗೆಯಿಂದ ಸಂಜೆಯವರೆಗೆ ಏನೇನು ಮಾಡಿದಿರಿ" ಎನ್ನಿ. ಮೊದಲನೆಯದಕ್ಕೆ ಉಪದೇಶ ಬರುತ್ತದೆ, ಎರಡನೆಯದಕ್ಕೆ ಮಾಹಿತಿ.

ಆನ್‌ಲೈನ್ ಕರಿಯರ್ ಟೆಸ್ಟ್ ನನ್ನ ಬಗ್ಗೆ ನೂರಕ್ಕೆ ನೂರು ಸರಿ ಹೇಳಿತು. ಅದನ್ನು ನಂಬಿ ನಿರ್ಧರಿಸಬಹುದೇ?

ಮನೋವಿಜ್ಞಾನದ ವಿದ್ಯಾರ್ಥಿಯ ಬಾಯಲ್ಲಿ ಈ ಪ್ರಶ್ನೆ ಬಂದಾಗ ನನಗೆ ಬರ್ಟ್ರಮ್ ಫೋರರ್ ನೆನಪಾಗುತ್ತಾರೆ. ಅವರು 39 ವಿದ್ಯಾರ್ಥಿಗಳಿಗೆ ವ್ಯಕ್ತಿತ್ವ ಪರೀಕ್ಷೆ ಕೊಟ್ಟು, ಪ್ರತಿಯೊಬ್ಬರಿಗೂ "ನಿಮ್ಮ" ಫಲಿತಾಂಶವೆಂದು ಒಂದೇ ಬರಹವನ್ನು ಹಂಚಿದರು. ಅದು ಎಷ್ಟು ಸರಿಯಾಗಿದೆ ಎಂದು ಸೊನ್ನೆಯಿಂದ 5ರೊಳಗೆ ಅಂಕ ಕೇಳಿದರೆ ಸರಾಸರಿ 4ಕ್ಕಿಂತ ಮೇಲೆ ಬಂತು. ಅಧ್ಯಯನ ಪ್ರಕಟವಾದದ್ದು 1949ರಲ್ಲಿ. "ಸರಿ ಎನ್ನಿಸಿತು" ಎನ್ನುವುದು ಪರೀಕ್ಷೆಯ ಯೋಗ್ಯತೆಗೆ ಸಾಕ್ಷಿಯಾಗುವುದಿಲ್ಲ.

ಜಾನ್ ಹಾಲೆಂಡ್ ರೂಪಿಸಿದ ಆರು ಬಗೆಯ ಆಸಕ್ತಿ ವರ್ಗಗಳ ಮೇಲೆ ನಿಂತ ಪರೀಕ್ಷೆಗಳು ಉಪಯುಕ್ತ. ಆದರೆ ಅವು ಆಸಕ್ತಿಯನ್ನು ಅಳೆಯುತ್ತವೆ, ಸಾಮರ್ಥ್ಯವನ್ನಲ್ಲ. ಯಾವ ಕೆಲಸಗಳನ್ನು ಹತ್ತಿರದಿಂದ ನೋಡಬೇಕು ಎಂಬ ಪಟ್ಟಿಗೆ ಬಳಸಿ, ತೀರ್ಪಿಗೆ ಬೇಡ.

ಗುರಿ ದೊಡ್ಡದಾಗಿರಬೇಕು ಎನ್ನುತ್ತಾರೆ. ನನಗೆ ಅದರಿಂದ ಒತ್ತಡವೇ ಹೆಚ್ಚಾಗಿದೆ.

ಎಡ್ವಿನ್ ಲಾಕ್ ಮತ್ತು ಗ್ಯಾರಿ ಲೇಥಮ್ ಅವರ ಗುರಿ ಸಿದ್ಧಾಂತವನ್ನು ಎಲ್ಲರೂ ಅರ್ಧ ಮಾತ್ರ ಹೇಳುತ್ತಾರೆ. ಸ್ಪಷ್ಟವಾದ, ಕಷ್ಟದ ಗುರಿ ಇಟ್ಟುಕೊಂಡವರು "ಕೈಲಾದಷ್ಟು ಮಾಡುತ್ತೇನೆ" ಎನ್ನುವವರಿಗಿಂತ ಚೆನ್ನಾಗಿ ಮಾಡುತ್ತಾರೆ ಎನ್ನುವುದು ಮೊದಲರ್ಧ. ಕೆಲಸ ಹೊಸದು, ಜಟಿಲ, ಇನ್ನೂ ಕಲಿಯಬೇಕಾದದ್ದು ಎಂದಾದಾಗ ಫಲಿತಾಂಶದ ಗುರಿ ತಿರುಗಿಬೀಳಬಹುದು, ಅಲ್ಲಿ ಕಲಿಕೆಯ ಗುರಿ ಮೇಲು ಎನ್ನುವುದು ಉಳಿದರ್ಧ. ವಿದ್ಯಾರ್ಥಿಗೆ ಬೇಕಾದದ್ದು ಈ ಎರಡನೆಯದು. "ಈ ವರ್ಷ ಒಂದು ಸಂಶೋಧನಾ ಲೇಖನ ಪ್ರಕಟಿಸುತ್ತೇನೆ" ಎಂಬ ಗುರಿ ನಿಮ್ಮ ಕೈಯಲ್ಲಿಲ್ಲ, ಪರಿಶೀಲಕರ ಕೈಯಲ್ಲಿದೆ. "ಅರೆರಚಿತ ಸಂದರ್ಶನ (ಮುಖ್ಯ ಪ್ರಶ್ನೆಗಳು ಮಾತ್ರ ಮೊದಲೇ ಸಿದ್ಧವಿರುವ ಸಂದರ್ಶನ) ನಡೆಸಿ ಬರೆದಿಳಿಸಿ ವಿಶ್ಲೇಷಿಸುವ ಮೂರು ವಿಧಾನ ಕಲಿಯುತ್ತೇನೆ" ಎನ್ನುವುದು ನಿಮ್ಮ ಕೈಯಲ್ಲಿದೆ.

ಯಶಸ್ಸನ್ನು ದಿನವೂ ಕಣ್ಣ ಮುಂದೆ ತಂದುಕೊಂಡರೆ ಅದು ಆಗಿಯೇ ಆಗುತ್ತದೆಯಂತೆ, ಹೌದೇ?

ಬಹುಮಟ್ಟಿಗೆ ಉಲ್ಟಾ. ಗೇಬ್ರಿಯೆಲೆ ಓಟಿಂಗನ್ ಮತ್ತು ಡೋರಿಸ್ ಮಯರ್ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಓದು ಮುಗಿಸಿ ಕೆಲಸ ಹುಡುಕುತ್ತಿದ್ದವರನ್ನು ಎರಡು ವರ್ಷದ ನಂತರ ಮತ್ತೆ ವಿಚಾರಿಸಲಾಯಿತು. ಸೊಗಸಾದ ಹಗಲುಗನಸು ಹೆಚ್ಚು ಕಂಡವರಿಗೆ ಕೆಲಸದ ಕರೆ ಕಡಿಮೆ ಬಂದಿತ್ತು, ಸಂಬಳವೂ ಕಡಿಮೆಯಿತ್ತು. "ಕೆಲಸ ಸಿಗುವ ಸಾಧ್ಯತೆ ಇದೆ" ಎಂಬ ನಿರೀಕ್ಷೆ ಇದ್ದವರು ಮುಂದಿದ್ದರು. ನಿರೀಕ್ಷೆಗೆ ಹಿಂದಿನ ಅನುಭವದ ಆಧಾರ ಇರುತ್ತದೆ, ಹಗಲುಗನಸಿಗೆ ಬೇಕಾಗಿಲ್ಲ.

ಕನಸಿನ ಬದಲಿಗೆ ಪೀಟರ್ ಗೋಲ್‌ವಿಟ್ಜರ್ ಹೇಳಿದ "ಹೀಗಾದರೆ ಹಾಗೆ" ಯೋಜನೆ ಮಾಡಿ. "ಇಂಟರ್ನ್‌ಶಿಪ್ ಹುಡುಕುತ್ತೇನೆ" ಎಂದು ಬರೆದರೆ ಅದು ದಿನಚರಿಯಲ್ಲಿಯೇ ಉಳಿಯುತ್ತದೆ. "ಮಂಗಳವಾರ ಪ್ರಯೋಗ ತರಗತಿ ಮುಗಿದು ಹೊರಗೆ ಬಂದ ಕೂಡಲೇ ಗ್ರಂಥಾಲಯಕ್ಕೆ ಹೋಗಿ ಒಂದು ಅರ್ಜಿ ತುಂಬುತ್ತೇನೆ" ಎಂದು ಬರೆದರೆ ತರಗತಿಯ ಬಾಗಿಲೇ ನೆನಪಿಸುತ್ತದೆ.

ಐದು ವರ್ಷದ ಯೋಜನೆ ಬರೆದಿಡಬೇಕೇ?

ಬರೆಯಿರಿ, ಪೆನ್ಸಿಲಿನಲ್ಲಿ. ಜಾನ್ ಕ್ರಂಬೋಲ್ಟ್ಸ್ ಮತ್ತು ಸಹೋದ್ಯೋಗಿಗಳು 1999ರಲ್ಲಿ ಮುಂದಿಟ್ಟ ವಾದ ನನಗೆ ಒಪ್ಪಿಗೆ: ವೃತ್ತಿಬದುಕಿನಲ್ಲಿ ಆಕಸ್ಮಿಕಗಳದ್ದು ದೊಡ್ಡ ಪಾಲು, ಅವು ಬಂದಾಗ ಹಿಡಿಯುವ ಕುತೂಹಲ ಮತ್ತು ಹೊಂದಿಕೊಳ್ಳುವ ಗುಣ ಬೆಳೆಸಿಕೊಳ್ಳುವುದೂ ತಯಾರಿಯೇ.

ಹತ್ತಿರದ ಗಡುವುಗಳ ವಿಷಯದಲ್ಲಿ ಮಾತ್ರ ಕಟ್ಟುನಿಟ್ಟಾಗಿರಿ, ಏಕೆಂದರೆ ಅಲ್ಲಿಯೇ ನಾವು ಹೆಚ್ಚು ಎಡವುವುದು. 1994ರಲ್ಲಿ ರೋಜರ್ ಬ್ಯೂಲರ್ ಮತ್ತು ಸಂಗಡಿಗರು ಮನೋವಿಜ್ಞಾನದ ವಿದ್ಯಾರ್ಥಿಗಳನ್ನೇ ಕೇಳಿದರು, ನಿಮ್ಮ ಪ್ರಬಂಧ ಯಾವಾಗ ಮುಗಿಯುತ್ತದೆ ಎಂದು. ಸರಾಸರಿ ಉತ್ತರ ಸುಮಾರು 34 ದಿನ. ಎಲ್ಲವೂ ಕೆಟ್ಟರೆ ಸುಮಾರು 49 ದಿನ. ನಿಜವಾಗಿ ಹಿಡಿದದ್ದು 55 ದಿನಕ್ಕೂ ಹೆಚ್ಚು. ಅತ್ಯಂತ ನಿರಾಶಾವಾದಿ ಅಂದಾಜೂ ಸಾಲಲಿಲ್ಲ! ಪ್ರವೇಶ ಅರ್ಜಿಯ ಕೊನೆಯ ದಿನಾಂಕ ಗೊತ್ತಾದಾಗ, ಕಳೆದ ಸಲ ಇಂಥ ಕೆಲಸಕ್ಕೆ ಎಷ್ಟು ದಿನ ಹಿಡಿಯಿತು ಎಂದು ನೋಡಿ ಲೆಕ್ಕ ಹಾಕಿ. ಈ ಸಲದ ಉತ್ಸಾಹದ ಮೇಲೆ ಬೇಡ.

## ಓದುತ್ತಿರುವಾಗಲೇ

ಸಂಖ್ಯಾಶಾಸ್ತ್ರ ಕಂಡರೆ ಭಯ. ಜನರ ಜೊತೆ ಕೆಲಸ ಮಾಡುವವರಿಗೆ ಅದು ಯಾಕೆ?

ಜನರ ಜೊತೆ ಕೆಲಸ ಮಾಡುವವರಿಗೇ ಬೇಕು. ಬುದ್ಧಿಸೂಚ್ಯಂಕ ಪರೀಕ್ಷೆಯಲ್ಲಿ 68 ಬಂದ ಮಗುವನ್ನೂ 72 ಬಂದ ಮಗುವನ್ನೂ ಬೇರೆ ಬೇರೆ ಪೆಟ್ಟಿಗೆಗೆ ಹಾಕುವ ಮುನ್ನ ಅಳತೆಯ ದೋಷ ಎಂದರೇನು ಎಂದು ತಿಳಿದಿರಬೇಕು. ಬೌದ್ಧಿಕ ಅಸಾಮರ್ಥ್ಯವನ್ನು ಗುರುತಿಸಲು ಬಳಸುವ 70ರ ಗೆರೆಯ ಆಚೀಚೆ ಇರುವ ಆ ನಾಲ್ಕು ಅಂಕದ ವ್ಯತ್ಯಾಸ ಮರುಪರೀಕ್ಷೆಯಲ್ಲಿ ತಲೆಕೆಳಗಾಗಬಹುದು. ಆದರೆ ಅದರ ಮೇಲೆ ಒಂದು ಮಗುವಿನ ಶಾಲೆ, ಸೌಲಭ್ಯ, ಮನೆಯವರ ನೋಟ ನಿರ್ಧಾರವಾಗಿರುತ್ತದೆ.

ಇನ್ನೊಂದು ಕಾರಣ ನಮ್ಮ ಶಾಸ್ತ್ರದ್ದೇ ಸ್ಥಿತಿ. 2015ರಲ್ಲಿ ಸಂಶೋಧಕರ ದೊಡ್ಡ ಗುಂಪೊಂದು 100 ಪ್ರಕಟಿತ ಮನೋವಿಜ್ಞಾನ ಅಧ್ಯಯನಗಳನ್ನು ಮತ್ತೆ ನಡೆಸಿ ನೋಡಿತು. ಮೂಲದಲ್ಲಿ ಶೇ 97ರಷ್ಟು ಅಧ್ಯಯನಗಳ ಫಲಿತಾಂಶ ಸಂಖ್ಯಾಶಾಸ್ತ್ರದ ದೃಷ್ಟಿಯಿಂದ ಮಹತ್ವದ್ದಾಗಿತ್ತು, ಮರುಪ್ರಯೋಗದಲ್ಲಿ ಶೇ 36 ಮಾತ್ರ. ಹೊಸ ಚಿಕಿತ್ಸಾ ವಿಧಾನವೊಂದರ ಎರಡು ದಿನದ ಕಾರ್ಯಾಗಾರಕ್ಕೆ ಹಣ ಕಟ್ಟುವ ಮೊದಲು ಅದರ ಹಿಂದಿನ ಸಾಕ್ಷ್ಯವನ್ನು ನೀವೇ ಓದಿ ತೂಗಬಲ್ಲಿರಾದರೆ, ವೃತ್ತಿಯಲ್ಲಿ ಯಾರೂ ನಿಮ್ಮನ್ನು ಸುಲಭವಾಗಿ ಏಮಾರಿಸಲಾರರು. ಎಲ್ಲ ಸೂತ್ರ ಬಾಯಿಪಾಠ ಬೇಕಿಲ್ಲ. ಒಂದು ತಂತ್ರಾಂಶವನ್ನು, ಆರ್ ಆಗಲಿ ಎಸ್‌ಪಿಎಸ್‌ಎಸ್ ಆಗಲಿ, ಕೈ ಪಳಗುವಷ್ಟು ಕಲಿಯಿರಿ.

ಅನುಭವ ಇಲ್ಲದೆ ಕೆಲಸ ಕೊಡುವುದಿಲ್ಲ, ಕೆಲಸ ಇಲ್ಲದೆ ಅನುಭವ ಎಲ್ಲಿಂದ ತರಲಿ?

ವಿಭಾಗದ ಒಳಗಿನಿಂದಲೇ. ಸಂಶೋಧನಾ ವಿದ್ಯಾರ್ಥಿಗಳಿಗೆ ದತ್ತಾಂಶ ಸಂಗ್ರಹಕ್ಕೆ ಕೈಗಳು ಯಾವಾಗಲೂ ಸಾಲುವುದಿಲ್ಲ, ಹೋಗಿ ಕೇಳಿ. ಸಹಾಯವಾಣಿ, ವೃದ್ಧಾಶ್ರಮ, ವಿಶೇಷ ಶಾಲೆ, ಪುನರ್ವಸತಿ ಕೇಂದ್ರಗಳಲ್ಲಿ ಸ್ವಯಂಸೇವಕರಾಗಬಹುದು. ಹೋಗುವ ಮೊದಲು ಒಂದೇ ವಿಷಯ ವಿಚಾರಿಸಿ: ನನ್ನ ಕೆಲಸವನ್ನು ನೋಡಿ ತಿದ್ದುವವರು ಯಾರು? ತರಬೇತಿಯೂ ಇಲ್ಲದೆ, ಮೇಲ್ವಿಚಾರಕರೂ ಇಲ್ಲದೆ ಎರಡನೇ ವರ್ಷದ ವಿದ್ಯಾರ್ಥಿಯನ್ನು ಆತ್ಮಹತ್ಯೆಯ ಯೋಚನೆಯಲ್ಲಿರುವವರ ಎದುರು ಕೂರಿಸುವ ಜಾಗವಿದ್ದರೆ, ಪ್ರಮಾಣಪತ್ರ ಎಷ್ಟು ಚಂದ ಮುದ್ರಿಸಿಕೊಟ್ಟರೂ ಅಲ್ಲಿಂದ ಹೊರಡಿ.

ರೆಸ್ಯೂಮೆಯಲ್ಲಿ ಬರೆಯಲು ನನ್ನ ಬಳಿ ಏನೂ ಇಲ್ಲ.

ಇದೆ, ಹೇಳಲು ಬಂದಿಲ್ಲ ಅಷ್ಟೆ. ಸಾಮಾನ್ಯವಾಗಿ ನನ್ನ ಕೈಗೆ ಬರುವ ಸಾಲು ಹೀಗಿರುತ್ತದೆ: "ಉತ್ತಮ ಸಂವಹನ ಕೌಶಲ, ತಂಡದಲ್ಲಿ ಕೆಲಸ ಮಾಡುವ ಗುಣ, ಎಸ್‌ಪಿಎಸ್‌ಎಸ್ ಜ್ಞಾನ." ಓದುವವರಿಗೆ ಇದರಿಂದ ಏನೂ ತಿಳಿಯುವುದಿಲ್ಲ. ಅದೇ ವಿದ್ಯಾರ್ಥಿ ಹೀಗೆ ಬರೆಯಬಹುದಿತ್ತು: "ನಿದ್ರೆ ಮತ್ತು ಪರೀಕ್ಷಾ ಆತಂಕದ ಬಗ್ಗೆ 120 ವಿದ್ಯಾರ್ಥಿಗಳಿಂದ ಪ್ರಶ್ನಾವಳಿ ತುಂಬಿಸಿದೆ. ಅಪೂರ್ಣ ಉತ್ತರಗಳನ್ನು ಬೇರ್ಪಡಿಸಿ ಎಸ್‌ಪಿಎಸ್‌ಎಸ್‌ನಲ್ಲಿ ವಿಶ್ಲೇಷಿಸಿದೆ. ಸಂಖ್ಯಾಶಾಸ್ತ್ರ ಬಾರದ ಶಿಕ್ಷಕರಿಗೆ ಎರಡು ಪುಟದ ಸಾರಾಂಶ ಬರೆದುಕೊಟ್ಟೆ." ಸಂವಹನ, ತಾಳ್ಮೆ, ತಂತ್ರಾಂಶ ಮೂರೂ ಇದರಲ್ಲಿವೆ, ಒಂದರ ಹೆಸರನ್ನೂ ಎತ್ತಿಲ್ಲ. ಪ್ರತಿ ಸೆಮಿಸ್ಟರ್ ಮುಗಿದ ವಾರವೇ ಇಂಥ ಎರಡು ಮೂರು ಸಾಲು ಬರೆದಿಟ್ಟುಕೊಳ್ಳಿ. ಕೊನೆಯ ವರ್ಷಕ್ಕೆ ಬಂದಾಗ 120 ಎಂಬ ಸಂಖ್ಯೆ ಯಾರಿಗೂ ನೆನಪಿರುವುದಿಲ್ಲ.

ಶಿಫಾರಸು ಪತ್ರ ಯಾರ ಬಳಿ ಕೇಳಬೇಕು?

ನಿಮ್ಮ ಕೆಲಸವನ್ನು ಕಣ್ಣಾರೆ ಕಂಡವರ ಬಳಿ, ಅವರ ಹುದ್ದೆ ಚಿಕ್ಕದಾದರೂ ಸರಿ. ಹೆಸರು ಗೊತ್ತಿಲ್ಲದ ಮುಖ್ಯಸ್ಥರು ಬರೆದ ನಾಲ್ಕು ಸಾಲಿಗಿಂತ, ನಿಮ್ಮ ಕರಡನ್ನು ಮೂರು ಸಲ ತಿದ್ದಿದ ಸಹಾಯಕ ಅಧ್ಯಾಪಕರ ಪತ್ರಕ್ಕೆ ತೂಕ ಹೆಚ್ಚು. ಕನಿಷ್ಠ ಒಂದು ತಿಂಗಳು ಮೊದಲೇ ಕೇಳಿ, ರೆಸ್ಯೂಮೆ ಮತ್ತು ಕೋರ್ಸಿನ ವಿವರ ಕೊಡಿ. ಅವರು ಹಿಂಜರಿದರೆ ಒತ್ತಾಯಿಸಬೇಡಿ, ಒಲ್ಲದ ಮನಸ್ಸಿನ ಪತ್ರ ಓದುವವರಿಗೆ ಗೊತ್ತಾಗಿಬಿಡುತ್ತದೆ.

ನನಗೆ ದೊಡ್ಡವರ ಪರಿಚಯ ಇಲ್ಲ. ಹಾಗಾದರೆ ಕೆಲಸ ಸಿಗುವುದಿಲ್ಲವೇ?

ದೊಡ್ಡವರೂ ಬೇಡ, ಆಪ್ತರೂ ಬೇಡ. ಮಾರ್ಕ್ ಗ್ರ್ಯಾನೊವೆಟರ್ 1973ರಲ್ಲಿ ತೋರಿಸಿದಂತೆ, ಪರಿಚಯದವರ ಮೂಲಕ ಕೆಲಸ ಕಂಡುಕೊಂಡವರಲ್ಲಿ ಹೆಚ್ಚಿನವರಿಗೆ ಸುದ್ದಿ ಕೊಟ್ಟದ್ದು ಆಗೊಮ್ಮೆ ಈಗೊಮ್ಮೆ ಸಿಗುವವರು. ಆಗಾಗ ಭೇಟಿಯಾಗುವವರಿಂದ ಸುದ್ದಿ ಬಂದದ್ದು ಶೇ 17ರಷ್ಟು ಮಂದಿಗೆ ಮಾತ್ರ. ನಿಮ್ಮ ಗೆಳೆಯರಿಗೆ ಗೊತ್ತಿರುವುದು ನಿಮಗೂ ಗೊತ್ತಿರುತ್ತದೆ. ಎರಡು ವರ್ಷ ಹಿಂದೆ ಓದಿ ಹೋದ ಹಿರಿಯ ವಿದ್ಯಾರ್ಥಿಗೆ ನಾಲ್ಕು ಸಾಲು ಬರೆಯಿರಿ. ಕೆಲಸ ಕೇಳಬೇಡಿ, ಹದಿನೈದು ನಿಮಿಷ ಮಾತಾಡಲು ಸಮಯ ಕೇಳಿ.

## ಮುಂದಿನ ಹಂತದವರಿಗೆ

ಪಿಎಚ್‌ಡಿ ಮಾಡಬೇಕೋ, ನೇರ ವೃತ್ತಿಗೆ ಹೋಗುವ ಕೋರ್ಸ್ ಮಾಡಬೇಕೋ?

ಈ ಜಗಳ ಹಳೆಯದು. 1949ರಲ್ಲಿ ಅಮೆರಿಕದ ಬೋಲ್ಡರ್‌ನಲ್ಲಿ ನಡೆದ ಸಮ್ಮೇಳನ, ಕ್ಲಿನಿಕಲ್ ಮನೋವಿಜ್ಞಾನಿ ವಿಜ್ಞಾನಿಯೂ ಚಿಕಿತ್ಸಕನೂ ಆಗಿರಬೇಕು ಎಂದಿತು. 1973ರ ವೇಲ್ ಸಮ್ಮೇಳನ ವೃತ್ತಿಗೆ ಒತ್ತು ಕೊಡುವ ಪ್ರತ್ಯೇಕ ಡಾಕ್ಟರೇಟನ್ನು ಒಪ್ಪಿಕೊಂಡಿತು. ಯಾವುದು ಮೇಲು ಎನ್ನುವುದಕ್ಕಿಂತ, ನಿಮಗೆ ಒಂದೇ ಪ್ರಶ್ನೆಯ ಜೊತೆ ನಾಲ್ಕೈದು ವರ್ಷ ಇರಲು ಸಾಧ್ಯವೇ ಎಂದು ಕೇಳಿಕೊಳ್ಳಿ. ಸ್ನಾತಕೋತ್ತರ ಪ್ರಬಂಧದ ಕೊನೆಯ ತಿಂಗಳಲ್ಲಿಯೂ ವಿಷಯದ ಮೇಲಿನ ಕುತೂಹಲ ಉಳಿದಿತ್ತೇ? ಉಳಿದಿದ್ದರೆ ಸಂಶೋಧನೆಗೆ ಹೋಗಿ. "ಸದ್ಯಕ್ಕೆ ಬೇರೇನೂ ತೋಚುತ್ತಿಲ್ಲ" ಎಂಬ ಕಾರಣಕ್ಕೆ ಪಿಎಚ್‌ಡಿ ಸೇರುವುದು ದುಬಾರಿ ಕಾಲಹರಣ.

ಮೇಲ್ವಿಚಾರಕರ ಮುಂದೆ ನನ್ನ ಕೆಲಸ ತೋರಿಸಲು ಮುಜುಗರ. ಹೇಗೆ ನಿಭಾಯಿಸಲಿ?

ಚೆನ್ನಾಗಿ ನಡೆದ ಭೇಟಿಗಳನ್ನೇ ಆರಿಸಿ ತೋರಿಸುವುದು ಬಹುತೇಕ ಎಲ್ಲರ ಚಾಳಿ. ಅದರಿಂದ ಹೊಗಳಿಕೆ ಸಿಗುತ್ತದೆ, ಕಲಿಕೆ ಸಿಗುವುದಿಲ್ಲ. ಅನುಮತಿ ಪಡೆದ ಧ್ವನಿಮುದ್ರಣದಲ್ಲಿ ನೀವು ಮಾತು ತಪ್ಪಿಸಿದ ಜಾಗವನ್ನು ಗುರುತು ಮಾಡಿಕೊಂಡು ಹೋಗಿ. "ಅವರು ಅಳಲು ಶುರು ಮಾಡಿದ ಕೂಡಲೇ ನಾನು ಮನೆಯಲ್ಲಿ ತುಂಬಿಕೊಂಡು ಬರಲು ಕೊಟ್ಟ ಅಭ್ಯಾಸದ ಹಾಳೆಯ ಬಗ್ಗೆ ಮಾತೆತ್ತಿದೆ, ಯಾಕಿರಬಹುದು?" ಎಂದು ಕೇಳಿ. ಎರಡು ನಿಮಿಷದ ಆ ತುಣುಕಿನಿಂದ ಇಡೀ ಗಂಟೆಯ ಚರ್ಚೆ ಹುಟ್ಟುತ್ತದೆ.

ಸಂದರ್ಶನದಲ್ಲಿ "ಕಷ್ಟದ ಪ್ರಕರಣ ಒಂದನ್ನು ಹೇಳಿ" ಎನ್ನುತ್ತಾರೆ. ಎಷ್ಟು ಹೇಳಬಹುದು?

ವಯಸ್ಸು, ಊರು, ಉದ್ಯೋಗ ಮುಂತಾಗಿ ಗುರುತು ಸಿಗುವ ಯಾವುದನ್ನೂ ಹೇಳಬೇಡಿ, ಹೇಳುತ್ತಿಲ್ಲ ಎಂದು ಮೊದಲೇ ತಿಳಿಸಿ. ಕೆಲವು ಸಲ ಅವರು ಪರೀಕ್ಷಿಸುತ್ತಿರುವುದೇ ಅದನ್ನು. ನೀವು ಏನು ಗಮನಿಸಿದಿರಿ, ಯಾರನ್ನು ಕೇಳಿದಿರಿ, ಏನು ಬದಲಿಸಿದಿರಿ ಎನ್ನುವುದು ಉತ್ತರ. ಗೋಪ್ಯತೆಗೂ ಮಿತಿ ಇದೆ ಎಂದು ತಿಳಿದಿರಲಿ: ಕ್ಯಾಲಿಫೋರ್ನಿಯಾದ ಸರ್ವೋಚ್ಚ ನ್ಯಾಯಾಲಯ 1976ರ ಟಾರಾಸಾಫ್ ತೀರ್ಪಿನಲ್ಲಿ, ರೋಗಿಯಿಂದ ಇನ್ನೊಬ್ಬರ ಜೀವಕ್ಕೆ ಗಂಭೀರ ಅಪಾಯವಿದ್ದಾಗ ಅವರನ್ನು ರಕ್ಷಿಸುವ ಹೊಣೆ ಚಿಕಿತ್ಸಕರ ಮೇಲಿದೆ ಎಂದಿತು. ನೀವು ಕೆಲಸ ಮಾಡುವ ಕಡೆ ಈ ಗೆರೆ ಎಲ್ಲಿದೆ ಎಂದು ಓದಿಕೊಂಡು ಹೋಗಿ.

ಬೇರೆಯವರ ನೋವು ಕೇಳಿ ಕೇಳಿ ನಾನೇ ಕುಸಿದರೆ?

ಕ್ರಿಸ್ಟಿನಾ ಮಾಸ್ಲಾಕ್ ಮತ್ತು ಸೂಸನ್ ಜಾಕ್ಸನ್ 1981ರಲ್ಲಿ ವೃತ್ತಿ ಬಳಲಿಕೆಯನ್ನು ಅಳೆಯುವ ಮಾಪನವನ್ನು ಪ್ರಕಟಿಸಿದರು. ಅದರಲ್ಲಿ ಮೂರು ಅಂಶಗಳಿವೆ: ಭಾವನಾತ್ಮಕ ದಣಿವು, ಎದುರಿನವರನ್ನು ವಸ್ತುವಿನಂತೆ ಕಾಣತೊಡಗುವುದು, ನನ್ನಿಂದ ಏನೂ ಆಗುತ್ತಿಲ್ಲ ಎಂಬ ಭಾವ. ದಣಿವು ಎಲ್ಲರಿಗೂ ಗೊತ್ತಾಗುತ್ತದೆ, ಎರಡನೆಯದು ಗೊತ್ತಾಗುವುದಿಲ್ಲ. ನಾಲ್ಕು ಗಂಟೆಗೆ ಬರಬೇಕಾದವರ ಹೆಸರು ಬಿಟ್ಟು "ನಾಲ್ಕು ಗಂಟೆಯ ಡಿಪ್ರೆಶನ್ ಬಂದಿದೆಯಾ" ಎಂದು ನೀವು ಕೇಳಿದ ದಿನ ಎಚ್ಚರವಾಗಿ. ಯೋಗ, ಧ್ಯಾನ ಎಂದು ನಿಮ್ಮ ತಲೆಗೇ ಕಟ್ಟುವ ಸಲಹೆಗಳು ಬರುತ್ತವೆ. ಮೊದಲು ದಿನಕ್ಕೆ ಎಷ್ಟು ಜನರನ್ನು ನೋಡುತ್ತಿದ್ದೀರಿ, ನಡುವೆ ಬಿಡುವು ಎಷ್ಟು ಎಂದು ಲೆಕ್ಕ ಹಾಕಿ ಸಂಸ್ಥೆಯ ಮುಂದೆ ಇಡಿ.

ಎರಡು ಸಲ ಪ್ರಯತ್ನಿಸಿದರೂ ಕ್ಲಿನಿಕಲ್ ಸೀಟು ಸಿಗಲಿಲ್ಲ. ಗುರಿ ಬಿಡುವುದು ಸೋಲಲ್ಲವೇ?

ಕಾರ್ಸ್ಟನ್ ವ್ರಾಶ್ ಮತ್ತು ಸಹೋದ್ಯೋಗಿಗಳು 2003ರಿಂದ ಪ್ರಕಟಿಸಿದ ಅಧ್ಯಯನಗಳು ಬೇರೆಯೇ ಹೇಳುತ್ತವೆ. ಕೈಗೆಟುಕದ ಗುರಿಯನ್ನು ಬಿಟ್ಟು ಬೇರೊಂದನ್ನು ಹಿಡಿಯಬಲ್ಲವರ ಮನಸ್ಸಿನ ಆರೋಗ್ಯ ಸಾಮಾನ್ಯವಾಗಿ ಉತ್ತಮವಾಗಿರುತ್ತದೆ. ಬಿಡುವುದು ಮತ್ತು ಹಿಡಿಯುವುದು ಎರಡು ಬೇರೆ ಶಕ್ತಿಗಳು. ಎರಡನೆಯದನ್ನು ಯೋಚಿಸದೆ ಮೊದಲನೆಯದಕ್ಕೆ ಕೈ ಹಾಕಬೇಡಿ.

ಹಾಗಾಗಿ ಈ ಕ್ರಮ ಅನುಸರಿಸಿ. ಸಾಧ್ಯವಿದ್ದ ಕಡೆ ಆಯ್ಕೆ ಸಮಿತಿಯಿಂದ ಕಾರಣ ಕೇಳಿ. ಅಂಕ ಕಡಿಮೆಯಾದದ್ದೋ, ಅನುಭವವೋ, ಸಂದರ್ಶನವೋ ಎನ್ನುವುದರ ಮೇಲೆ ಮೂರನೇ ಪ್ರಯತ್ನಕ್ಕೆ ಅರ್ಥವಿದೆಯೇ ಇಲ್ಲವೇ ಎಂದು ಗೊತ್ತಾಗುತ್ತದೆ. ಇನ್ನೊಂದು ಕಡೆ, ಆ ಸೀಟಿನಲ್ಲಿ ನಿಮಗೆ ಬೇಕಾಗಿದ್ದ ದಿನದ ಕೆಲಸ ಯಾವುದು ಎಂದು ಬರೆಯಿರಿ. ಮಕ್ಕಳ ಮೌಲ್ಯಮಾಪನ ಎಂದಾದರೆ ಶಾಲಾ ಮನೋವಿಜ್ಞಾನ ಮತ್ತು ವಿಶೇಷ ಶಿಕ್ಷಣ ನೋಡಿ. ಮಿದುಳು ಮತ್ತು ವರ್ತನೆ ಎಂದಾದರೆ ಪುನರ್ವಸತಿ ತಂಡಗಳು ಮತ್ತು ನರವಿಜ್ಞಾನ ಪ್ರಯೋಗಾಲಯಗಳಿವೆ. ಒಬ್ಬರ ಮಾತಿಗೆ ಕಿವಿಯಾಗುವುದೇ ಬೇಕಾಗಿತ್ತು ಎಂದಾದರೆ ಆಪ್ತಸಮಾಲೋಚನೆಯ ಮಾನ್ಯ ಕೋರ್ಸುಗಳಿವೆ. ಮತ್ತೊಮ್ಮೆ ಪ್ರಯತ್ನಿಸುವುದಾದರೆ ಆ ಒಂದು ವರ್ಷ ಮನೆಯಲ್ಲಿ ಕೂತು ಓದುವುದಕ್ಕಲ್ಲ. ಸಂಶೋಧನಾ ಸಹಾಯಕರಾಗಿಯೋ ವಿಶೇಷ ಶಾಲೆಯಲ್ಲಿಯೋ ಕೆಲಸಕ್ಕೆ ಸೇರಿ, ಓದನ್ನು ಬೆಳಗಿನ ಎರಡು ಗಂಟೆಗೆ ಇಟ್ಟುಕೊಳ್ಳಿ.